ಎತ್ತಿಟ್ಟ ಹಳೇ ಸೆಟ್ಟಿಂಗು

ಕ್ಯಾಸಂಬಳ್ಳಿ ಪಕ್ಕದ ಹಳ್ಳಿ ಡೈರಿಯಲ್ಲಿ ಬೆಳಗಿನ ಹಾಲಿನ ಸಾಲು ಇನ್ನೂ ಕರಗಿರಲಿಲ್ಲ. ಬಂಗಾರಪೇಟೆಯ ಮೆಕ್ಯಾನಿಕ್ಕು ಆದಿನಾರಾಯಣ ಫ್ಯಾಟು ನೋಡುವ ಮಿಶನ್ನಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತದ್ದೇ ತಡ, ಸಾಲಿನ ಮುಂದಿದ್ದ ಗಂಗರತ್ನಮ್ಮನ ಕಣ್ಣು ಕಿರಿದಾಯಿತು. ಆಯಮ್ಮನಿಗೆ ಅನುಮಾನವೆಂದರೆ ಎಲೆಅಡಿಕೆ ಇದ್ದ ಹಾಗೆ, ದಿನಾ ಬೇಕು.

"ಏನ್ಲಾ ಕೀಳಾಕ್ ಒಂಟಿದ್ದೀಯ ಅದ್ರೊಳಗಿಂದ?"

"ಚಿಪ್ಪು ಕಣಮ್ಮ. ಕಂಪ್ನಿಯೋರು ಒಸ್ದು ಕಳ್ಸವ್ರೆ. ಅಳೇ ಸೆಟ್ಟಿಂಗು ಅಂಗೇ ಎತ್ತಿಟ್ಟಿರ್ತೀನಿ, ಒಸ್ದು ಸರೋಗ್ದಿದ್ರೆ ತಿರ್ಗಾ ಆಕ್ಬೋದು."

"ಇನ್ನೂ ಕಮ್ಮಿ ತೋರ್ಸಾಕಾ? ನಾನೇನ್ ಕಿವೀಗ್ ಊವಿಟ್ಕೊಂಡು ಬಂದಿಲ್ಲ. ಇಗೋ, ಇದೇ ಆಲ್ನ ಬದ್ಲಾಯ್ಸೋಕ್ ಮುಂಚೆ ಒಂದ್ಸಲ ನೋಡು, ಆಮ್ಯಾಕೆ ಒಂದ್ಸಲ ನೋಡು."

ಕಮ್ಮಿ ಎಂಬ ಮಾತಿನಿಂದಲೇ ಅವಳ ಮನೆ ಹೊತ್ತಿ ಉರಿದಿತ್ತು. ಮೂರು ತಿಂಗಳಿಂದ ಹಾಲಿನ ಫ್ಯಾಟು ಇಳಿಯುತ್ತಲೇ ಬಂದಿತ್ತು. ಹಸು ಅದೇ, ಹಿಂಡಿ ಬೂಸವೂ ಅದೇ. ಕರೆಯುವವಳು ಮಾತ್ರ ಸೊಸೆ ವರಲಕ್ಷ್ಮಮ್ಮ. ನೀರು ಬೆರೆಸಿ ಒಳ್ಳೇ ಹಾಲನ್ನು ಕದ್ದು ಮಾರುತ್ತಾಳೆಂದು ಅತ್ತೆ ತೀರ್ಮಾನಿಸಿಬಿಟ್ಟಳು. ಸೊಸೆ ಹಸುವಿನ ಬೆನ್ನು ಮುಟ್ಟಿ ಆಣೆಯಿಟ್ಟರೂ ನಂಬಲಿಲ್ಲ. ನಿನ್ನೆ ಸಂಜೆ ಸೊಸೆ ಅಳುತ್ತಾ ಕಾಮಸಮುದ್ರದ ತವರಿಗೆ ಹೋದಳು. ಇವತ್ತಿನ ಹಾಲು ಗಂಗರತ್ನಮ್ಮ ತನ್ನ ಕೈಯಾರೆ ಕರೆದದ್ದು. ಹನಿ ನೀರು ಸೋಕಿರಲಿಲ್ಲ.

ಆದಿನಾರಾಯಣ ಹಾಲು ಹಾಕಿ ನೋಡಿದ. ಎರಡೂಮುಕ್ಕಾಲು.

"ನೀನಾಗ್ಲೇ ಏನೋ ತಿರುವಿದ್ದೀಯ ಕಣ್ಲಾ!" ಎಂದು ಕೂಗಿದಳು.

"ಅಯ್ಯೋ, ಇನ್ನೂ ಒಂದು ಸ್ಕ್ರೂನೂ ಮುಟ್ಟಿಲ್ಲ ಕಣಮ್ಮ!"

ಹೊಸ ಚಿಪ್ಪು ಕೂರಿಸಿ ಅದೇ ಹಾಲನ್ನು ಮತ್ತೆ ಹಾಕಿದ. ನಾಲ್ಕು. ಸಾಲಿನಲ್ಲಿದ್ದವರು ಕ್ಯಾನು ಎತ್ತಿಕೊಂಡು ಮುಂದೆ ನುಗ್ಗಿದರು. ತಂತಮ್ಮ ಹಾಲಿನ ಫ್ಯಾಟೂ ಇಳಿದ ಸಂಗತಿಯನ್ನು ಮನೆ ಮರ್ಯಾದೆಯೆಂದು ಎಲ್ಲರೂ ಮುಚ್ಚಿಟ್ಟುಕೊಂಡವರೇ.

"ನಿಮ್ಮಾಲು ಚಿನ್ನ ಕಣಮ್ಮ. ಮಿಶನ್ನೇ ಕೆಟ್ಟಿದ್ದು."

ಗಂಗರತ್ನಮ್ಮ ಮಿಶನ್ನಿನ ಹತ್ತಿರ ಬಗ್ಗಿದಳು. "ಆ ಅಳೇದು ಎತ್ತಿಟ್ಟಿದ್ದೀಯಲ್ಲ," ಎಂದಳು ಸಣ್ಣ ದನಿಯಲ್ಲಿ, "ಅದ್ನೇ ಆಕ್ಲಾ."

"ಅದು ತಪ್ಪು ತೋರಿಸ್ತಿತ್ತಲ್ಲಮ್ಮ! ಯಾಕೆ?"

ಹೊಸದು ನಿಜವಾದರೆ ತಾನು ಸೊಸೆಯ ಮೇಲೆ ಹೊರಿಸಿದ ಕಳ್ಳತನ ಸುಳ್ಳಾಗುತ್ತಿತ್ತು. ನಾಚಿಕೆಯಿಂದ ತಲೆಯೆತ್ತಲಾರದೆ, ಕ್ಯಾನು ಅಲ್ಲೇ ಬಿಟ್ಟು ಕಾಮಸಮುದ್ರದ ಬಸ್ಸು ಹತ್ತಿದಳು.

ವರಲಕ್ಷ್ಮಮ್ಮ ಚಾಪೆ ಹಾಸಿದಳು, ಚೊಂಬಿನಲ್ಲಿ ನೀರು ಕೊಟ್ಟಳು. ಅತ್ತೆ ತಡವರಿಸುತ್ತಾ ಹೇಳಿದ್ದನ್ನೆಲ್ಲ ನಿಂತೇ ಕೇಳಿದಳು.

"ಮಿಶನ್ನು ಸರಿಯಾಯ್ತು ಅಂತ ಕರಿಯೋಕ್ ಬಂದ್ರಾ ಅತ್ತೆ?" ಎಂದಳು. "ಅದು ತಿರ್ಗಾ ಕೆಟ್ರೆ?"

ಗಂಗರತ್ನಮ್ಮ ನೀರು ಕುಡಿಯದೆ ಚೊಂಬನ್ನು ಚಾಪೆಯ ಮೇಲಿಟ್ಟಳು.