ಮೊದಲ ತುತ್ತಿನ ಕೊಂಕು

ನಾನು ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಬೀದಿಯವರು ಎದುರಿಗೆ ಟೀಚರಮ್ಮ ಎನ್ನುತ್ತಾರೆ, ಬೆನ್ನ ಹಿಂದೆ ಬಾಯಿಬಡುಕಿ ಎನ್ನುತ್ತಾರೆ. ಎರಡೂ ನಿಜವೇ. ನನ್ನ ಕೆಳಗಿನ ಮನೆಯಲ್ಲಿ ನಡೆದದ್ದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿದ್ದರೆ ಮಕ್ಕಳಿಗೆ ನಾನು ಕಲಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಹಾಗಾಗಿ ಬರೆಯುತ್ತಿದ್ದೇನೆ, ಕೋಪದಿಂದಲೇ ಬರೆಯುತ್ತಿದ್ದೇನೆ.

ಆ ಮನೆಯ ಗಂಡಸನ್ನು ಎಲ್ಲರೂ ಬಾಟಲಿ ಯಜಮಾನ ಎಂದು ಕರೆಯುತ್ತಾರೆ. ಕುಡುಕನಲ್ಲ. ಗಾಜಿನ ಕಾರ್ಖಾನೆಯಲ್ಲಿ ಬಾಟಲಿಗಳನ್ನು ಪರೀಕ್ಷಿಸುವ ಕೆಲಸ ಅವನದು. ಒಂದೊಂದನ್ನೂ ದೀಪದ ಮುಂದೆ ತಿರುಗಿಸಿ, ಗುಳ್ಳೆಯೋ ಬಿರುಕೋ ಸೊಟ್ಟ ಕತ್ತೋ ಇದ್ದರೆ ತೊಟ್ಟಿಗೆ ಎಸೆಯುತ್ತಾನೆ. ಸರಿಯಾಗಿದ್ದರೆ ಒಂದು ಚೀಟಿ ಅಂಟಿಸಿ ಮುಂದಕ್ಕೆ ತಳ್ಳುತ್ತಾನೆ. ಕೈ ಎತ್ತುವವನಲ್ಲ, ಜೂಜಾಡುವವನಲ್ಲ, ಕೆಲಸ ಮುಗಿದರೆ ನೆಟ್ಟಗೆ ಮನೆಗೆ ಬರುವವನು. ಅವನ ಹೆಂಡತಿ ನೊಂದಿದ್ದಾಳೆ ಎಂದರೆ ಯಾರೂ ನಂಬುತ್ತಿರಲಿಲ್ಲ. "ಇನ್ನೇನು ಬೇಕಂತೆ ಆಕೆಗೆ?" ಎಂದು ನನ್ನನ್ನೇ ಕೇಳಿದವರಿದ್ದಾರೆ.

ಆಕೆಗೆ ಏನಿತ್ತು ಎಂದು ಕೇಳಿ. ಬೆಳಗಿನ ಐದಕ್ಕೆ ನಲ್ಲಿಯಲ್ಲಿ ನೀರು ಬರುವ ಮುಂಚೆ ಎದ್ದು ಬಿಂದಿಗೆಗಳನ್ನು ಸಾಲಿಗಿಡುವುದು, ಎಲ್ಲರ ಅಡುಗೆ, ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸುವುದು. ಆಮೇಲೆ ಮಾವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಊದಿದ ಕಾಲುಗಳನ್ನು ದಿಂಬಿನ ಮೇಲಿಟ್ಟು, ಮಾತ್ರೆ ನುಂಗಿಸುವುದು. ಮಾವನ ಹೃದಯ ದುರ್ಬಲವಾಗಿತ್ತು. ಅವರಿಗೆ ಬೇರೆಯದೇ ಗಂಜಿ, ಅದಕ್ಕೆ ಒಂದೇ ಒಂದು ಚಿಟಿಕೆ ಉಪ್ಪು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮಧ್ಯಾಹ್ನ ಕಿಟಕಿಯ ಬಳಿ ಕೂತು ದರ್ಜಿ ಅಂಗಡಿಯವರು ಕೊಟ್ಟ ಅಂಗಿಗಳಿಗೆ ಕಾಜ ಮಾಡಿ ಗುಂಡಿ ಹಾಕುತ್ತಿದ್ದಳು. ಆ ಕೆಲಸವನ್ನು ಮನೆಯವರು 'ಕಾಲಕ್ಷೇಪ' ಎನ್ನುತ್ತಿದ್ದರು.

ಅದಿರಲಿ, ದುಡಿಯುವ ಹೆಂಗಸರು ಊರ ತುಂಬ ಇದ್ದಾರೆ. ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಊಟಕ್ಕೆ ಕೂತ ಗಂಡಸರು ಮೊದಲ ತುತ್ತಿಗೆ ಒಂದು ತಪ್ಪು ಹೇಳಲೇಬೇಕು. ಮೊದಲು ಹಿರಿಯರು, ಆಮೇಲೆ ಮಗ. "ಸಪ್ಪೆ." "ಬೆಂದಿಲ್ಲ." "ಆರಿಹೋಗಿದೆ." ತಪ್ಪು ಇರಬೇಕೆಂದೇನಿಲ್ಲ, ಹೇಳಬೇಕು ಅಷ್ಟೇ. ಹೇಳಿದ ಮೇಲೆ ತಟ್ಟೆ ಬಳಿದು ಊಟ ಮಾಡುತ್ತಿದ್ದರು. ಮುತ್ತಜ್ಜನ ಕಾಲದಿಂದ ನಡೆದು ಬಂದದ್ದಂತೆ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಲ್ಲಿಲ್ಲವೆಂದು ಗೊತ್ತಿದ್ದೂ ಕಲ್ಲಿದೆ ಎನ್ನುವವರನ್ನು ಕಂಡದ್ದು ಅಲ್ಲೇ ಮೊದಲು.

ಒಮ್ಮೆ ನಾನು ಹಿರಿಯರನ್ನು ನೇರವಾಗಿ ಕೇಳಿಯೇಬಿಟ್ಟೆ.

"ಅಲ್ಲ ಯಜಮಾನ್ರೇ, ಬಟ್ಟಲು ನೆಕ್ಕಿ ಇಡ್ತೀರಿ, ಮತ್ತೆ ಸಪ್ಪೆ ಅಂತೀರಲ್ಲ?"

ಅವರು ಬೊಚ್ಚುಬಾಯಿ ಬಿಟ್ಟು ನಕ್ಕರು. "ಟೀಚರಮ್ಮಾ, ನಿಮಗೆ ಸಂಸಾರದ ಗುಟ್ಟು ಗೊತ್ತಿಲ್ಲ. ಹೆಂಗಸು ಅಂದ್ರೆ ಒಲೆ ಮೇಲಿನ ಹಾಲು. ಆಗಾಗ ನೀರು ಚಿಮುಕಿಸ್ತಾ ಇರ್ಬೇಕು, ಇಲ್ದಿದ್ರೆ ಉಕ್ಕಿಬಿಡ್ತದೆ. ನಮ್ಮಪ್ಪ ನಮ್ಮಮ್ಮನಿಗೆ ಒಂದು ದಿನಾನೂ ಚೆನ್ನಾಗಿದೆ ಅನ್ಲಿಲ್ಲ. ಸಾಯೋ ತನಕ ಆಯಮ್ಮನ ಕೈರುಚಿ ಕೆಡಲಿಲ್ಲ!"

"ಇವತ್ತಾದ್ರೂ ಅಂತಾರೇನೋ ಅಂತ ಕಾದು ಕಾದೇ ಸತ್ತಿರ್ಬೇಕು ಪಾಪ," ಎಂದೆ.

"ನೀವು ಓದಿದೋರು, ಏನು ಬೇಕಾದ್ರೂ ಮಾತಾಡ್ತೀರಿ."

ಮಗ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ. "ನೀನಾದ್ರೂ ಹೇಳಪ್ಪ," ಎಂದೆ. "ಕಾರ್ಖಾನೇಲಿ ಚೆನ್ನಾಗಿರೋ ಬಾಟ್ಲಿಗೆ ಚೀಟಿ ಅಂಟಿಸ್ತೀಯಲ್ಲ. ಹದಿನಾಲ್ಕು ವರ್ಷದಲ್ಲಿ ಹೆಂಡ್ತಿಗೆ ಒಂದಾದ್ರೂ ಚೀಟಿ ಅಂಟಿಸಿದೀಯಾ?"

"ಮನೆಯವಳಿಗೆಲ್ಲ ಅದು ಯಾಕೆ ಟೀಚರ್? ಅವಳಿಗೆ ಗೊತ್ತಿರತ್ತೆ ಬಿಡಿ."

ಗೊತ್ತಿರುತ್ತದಂತೆ! ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಅಷ್ಟು ಹೊತ್ತು ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು.

ಆಕೆಗೆ ಆಗಲೇ ಹೊಟ್ಟೆನೋವಿತ್ತು. ವರ್ಷದಿಂದ ಇತ್ತಂತೆ. ತುಂಬಿದ ಬಿಂದಿಗೆ ಎತ್ತಿದಾಗಲೆಲ್ಲ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ನಲ್ಲಿಯ ಬಳಿಯೇ ಕುಸಿದಳು. ಗರ್ಭಕೋಶದಲ್ಲಿ ಗಡ್ಡೆ, ಕೂಡಲೇ ಆಪರೇಷನ್ ಆಗಬೇಕು, ಎಂಟು ದಿನ ಆಸ್ಪತ್ರೆ ಎಂದರು.

ಆಗ ಹುಟ್ಟಿತು ಪ್ರಶ್ನೆ: ಒಲೆಯ ಮುಂದೆ ಯಾರು? ಮನೆಯಲ್ಲಿ ಕೈಕಾಲು ನೆಟ್ಟಗಿದ್ದ ಒಬ್ಬ ಗಂಡಸು ಇದ್ದನಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. "ನಮ್ಮಲ್ಲಿ ಗಂಡಸರು ಅಡುಗೆಮನೆಗೆ ಹೋಗಲ್ಲ," ಎಂದರು ಹಿರಿಯರು. ನಾನು ಮಾಡಿ ಕಳಿಸುತ್ತೇನೆ ಎಂದೆ. "ಹೊರಗಿನವರ ಕೈ ಊಟ ನನಗೆ ಒಗ್ಗಲ್ಲ," ಎಂದರು. ಕೊನೆಗೆ ಹನ್ನೆರಡು ವರ್ಷದ ಮಗಳು ಪುಟ್ಟಿಯನ್ನು ಶಾಲೆ ಬಿಡಿಸಿ ಒಲೆಯ ಮುಂದೆ ನಿಲ್ಲಿಸಿದರು. ಅವಳಿಗೆ ಪಾತ್ರೆಯೊಳಗೆ ಇಣುಕಲು ಮಣೆ ಬೇಕಿತ್ತು. ತಾಯಿ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಮಗಳ ಕೈ ಹಿಡಿದು, "ತಾತನ ಗಂಜಿಗೆ ಒಂದೇ ಚಿಟಿಕೆ, ನೆನಪಿರ್ಲಿ," ಎಂದಳು.

ಪುಟ್ಟಿಯ ಅಪ್ಪನಿಗೆ ರಜೆ ಸಿಗಲಿಲ್ಲವಂತೆ, ಹಗಲೆಲ್ಲ ಆಸ್ಪತ್ರೆಯಲ್ಲಿ ನಾನೇ ಕೂತೆ. ಐದನೆಯ ದಿನ ಆಕೆ ಸ್ವಲ್ಪ ಎದ್ದು ಕೂತು, ಸುಮ್ಮನಿರಲಾಗದೆ ತನ್ನ ಹೊದಿಕೆಯನ್ನು ತಾನೇ ಮಡಿಸಿಟ್ಟಳು. ವಾರ್ಡಿನ ಆಯಾ ನೋಡಿ, "ಅಬ್ಬಾ, ಎಷ್ಟು ಚೆನ್ನಾಗಿ ಮಡಿಸಿದೀಯಮ್ಮ!" ಎಂದಳು. ಅಷ್ಟೇ. ಈ ಹೆಂಗಸು ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹೊಲಿಗೆ ಬಿಚ್ಚಿತೇನೋ ಎಂದು ಆಯಾ ಗಾಬರಿಯಾಗಿ ನರ್ಸನ್ನು ಕರೆಯಲು ಓಡಿದಳು.

"ನೋವಾಗ್ತಿದ್ಯಾ?" ಎಂದೆ.

"ಇಲ್ಲ ಟೀಚರ್. ಒಂದು ಬಟ್ಟೆ ಮಡಿಸಿದ್ದಕ್ಕೆ... ಗುರುತು ಪರಿಚಯ ಇಲ್ಲದೋರು. ನಮ್ಮನೇಲಿ ಬೆಕ್ಕಿಗಾದ್ರೂ ಜಾಣಮರಿ ಅಂತಾರೆ ಟೀಚರ್. ನನಗೆ ಅನ್ನಲ್ಲ."

ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದು ಏನು ಬಂತು? ಅದೇ ಸಂಜೆ ಮನೆಗೆ ಹೋಗುವಾಗ ಮೆಟ್ಟಿಲಲ್ಲಿ ಪುಟ್ಟಿ ಸಿಕ್ಕಳು. ಕೈಯಲ್ಲಿ ಸುಟ್ಟ ಗಾಯ, ಕಣ್ಣ ತುಂಬ ನೀರು. "ನಾನು ಏನು ಮಾಡಿದ್ರೂ ತಾತನಿಗೆ ಸರಿಹೋಗ್ತಿಲ್ಲ ಟೀಚರ್," ಎಂದಳು. "ಕಲಿತ್ಕೋತೀಯ ಬಿಡು," ಎಂದು ತಲೆ ಸವರಿ ಮೇಲೆ ಹೋಗಿಬಿಟ್ಟೆ. ಆ ಮಾತಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಏಳನೆಯ ದಿನ ಮಧ್ಯಾಹ್ನ ಹಿರಿಯರಿಗೆ ಉಸಿರು ಕಟ್ಟಿತು. ಕಾಲಿನ ಊತ ತೊಡೆಗೆ, ಹೊಟ್ಟೆಗೆ ಏರಿತ್ತು. ಅದೇ ಆಸ್ಪತ್ರೆಗೆ ತಂದರು. ಡಾಕ್ಟರು ನೋಡಿದವರೇ, "ಇಷ್ಟು ಉಪ್ಪು ಯಾರು ಕೊಟ್ಟಿದ್ದು?" ಎಂದು ಕೇಳಿದರು. ಎಲ್ಲರೂ ಪುಟ್ಟಿಯತ್ತ ತಿರುಗಿದರು. ಸಂಜೆಯೊಳಗೆ ಹಿರಿಯರು ತೀರಿಕೊಂಡರು.

ಸುದ್ದಿ ತಿಳಿದು ಬಾಟಲಿ ಯಜಮಾನನ ಅಕ್ಕ ಬಂದಿಳಿದಳು. ಬಂದವರಿಗೆಲ್ಲ ಅವಳದ್ದು ಒಂದೇ ಮಾತು. "ಈ ಹುಡುಗಿ ನಮ್ಮಪ್ಪನ್ನ ತಿಂದ್ಕೊಂಡ್ಳು. ಡಾಕ್ಟರು ಬೇಡ ಅಂದಿದ್ರೂ ಉಪ್ಪು ಸುರಿದ್ಳು. ತಾಯಿ ಸರಿಯಾಗಿ ಕಲಿಸಿದ್ರೆ ತಾನೆ!" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಪ್ಪ ಎನ್ನಿಸಿಕೊಂಡವನು ಅಲ್ಲೇ ಇದ್ದ, ಒಂದು ಮಾತು ಆಡಲಿಲ್ಲ. ಹುಡುಗಿ ಅಳಲಿಲ್ಲ. ಮಾತು ಬಿಟ್ಟಳು. ಶಾಲೆಗೆ ಹೋಗೆಂದರೆ ಹೋಗಲಿಲ್ಲ, ಉಪ್ಪು ಹಾಕಿದ್ದನ್ನು ಬಾಯಿಗೆ ಇಡಲಿಲ್ಲ. ಬರಿಯ ಅನ್ನವನ್ನು ನೀರಿನಲ್ಲಿ ನುಂಗುತ್ತಿದ್ದಳು.

ಆಸ್ಪತ್ರೆಯಿಂದ ಬಂದ ತಾಯಿ ಮೂರು ದಿನ ಮಗಳನ್ನು ನೋಡಿದಳು. ನನ್ನ ಬಳಿ ಬಂದು, "ಪುಟ್ಟಿಗೆ ಒಂದು ಮಾತು ಹೇಳೋದು ಮರೆತೆ ಟೀಚರ್," ಎಂದಳು. "ಅವರು ಸಪ್ಪೆ ಅಂದ್ರೆ ನಂಬಬೇಡ ಅಂತ ಹೇಳಲಿಲ್ಲ. ನನಗೆ ಅಭ್ಯಾಸ ಆಗಿತ್ತು. ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಿದ್ದೆ. ಅದು ಮಗು, ದೊಡ್ಡವರು ಹೇಳಿದ್ದು ನಿಜ ಅಂದ್ಕೊಂಡಿದೆ."

ಸಾವಾಗಿ ವಾರ ಕಳೆದ ಮೇಲೆ ನೆಂಟರೆಲ್ಲ ಊಟಕ್ಕೆ ಸೇರಿದರು. ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಿದ್ದಾಗಲೇ ಆಕೆ ಇಪ್ಪತ್ತು ಜನಕ್ಕೆ ಬೇಯಿಸಿದ್ದಳು. ನಾನು ಬಡಿಸುತ್ತಿದ್ದೆ. ಎಲ್ಲರೂ ತಟ್ಟೆಯ ಮುಂದೆ ಕೈ ಕಟ್ಟಿ ಕಾಯುತ್ತಿದ್ದರು.

"ಹೇಳೋ," ಎಂದಳು ಅಕ್ಕ. "ಈಗ ಮನೆಗೆ ನೀನೇ ಹಿರಿಯ."

ಅವನು ಒಂದು ತುತ್ತು ಬಾಯಿಗಿಟ್ಟ. ತಲೆ ಎತ್ತದೆ, "ಸಪ್ಪೆ," ಎಂದ.

ಆಕೆ ಅಡುಗೆಮನೆಯಿಂದ ಬಂದು ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡಳು.

"ಏನೇ ಇದು!" ಅಕ್ಕ ಕೂಗಿದಳು. "ಊಟಕ್ಕೆ ಕೂತ ಗಂಡನ ತಟ್ಟೆ ಎತ್ತೋದಾ?"

"ಸುಮ್ನಿರಿ ಅತ್ತಿಗೆ. ರೀ, ನಿಜವಾಗ್ಲೂ ಸಪ್ಪೆ ಇದ್ಯಾ?"

"ಒಂದು ಮಾತಿಗೆ ಇಷ್ಟು ರಂಪ ಯಾಕೆ? ಎಲ್ರ ಮುಂದೆ..."

"ಎಲ್ರ ಮುಂದೇನೇ ಆಗ್ಬೇಕು. ನನ್ನ ಮಗಳು ತಾತನ್ನ ಕೊಂದ್ಳು ಅಂತ ಎಲ್ರ ಮುಂದೇನೇ ಹೇಳಿದ್ದು. ಪುಟ್ಟಿ, ಬಾ ಇಲ್ಲಿ. ಆವತ್ತು ಏನಾಯ್ತು ಹೇಳು. ನಾನಿದೀನಿ."

ಮೂಲೆಯಲ್ಲಿದ್ದ ಹುಡುಗಿ ಎದ್ದು ಬಂದಳು. ವಾರದ ಮೇಲೆ ಅವಳ ದನಿ ಕೇಳಿದ್ದು ಆಗಲೇ.

"ಮೊದಲ್ನೇ ದಿನ ಒಂದು ಚಿಟಿಕೆ ಹಾಕಿದ್ದೆ. ತಾತ ಸಪ್ಪೆ ಅಂದ್ರು. ಮಾರನೇ ದಿನ ಎರಡು ಹಾಕಿದೆ. ಆಗಲೂ ಸಪ್ಪೆ ಅಂದ್ರು. ನಾಲ್ಕಾಯ್ತು. ನಂಗೆ ಭಯ ಆಗಿ, ಅಪ್ಪ ನೀವು ರುಚಿ ನೋಡಿ ಅಂದೆ. ಅಪ್ಪ ಒಂದು ಚಮಚ ಕುಡಿದು, ಹೌದು, ಸಪ್ಪೇನೇ ಅಂದ್ರು."

"ನೀನು ರುಚಿ ನೋಡಲಿಲ್ವಾ ಕಂದ?" ಎಂದೆ ನಾನು.

"ನೋಡ್ದೆ ಟೀಚರ್. ಉಪ್ಪುಪ್ಪಾಗಿತ್ತು. ಆದ್ರೆ ದೊಡ್ಡವರಿಬ್ರೂ ಸಪ್ಪೆ ಅಂದ್ರಲ್ಲ. ನನ್ನ ನಾಲಿಗೇನೇ ಸರಿ ಇಲ್ಲ ಅಂದ್ಕೊಂಡೆ. ಆಮೇಲಿಂದ ಚಮಚದಲ್ಲೇ ಹಾಕ್ದೆ."

ತಾಯಿ ಗಂಡನ ಎದುರು ನಿಂತೇ ಇದ್ದಳು.

"ಹೇಳಿ. ನೀವು ಕುಡಿದ ಚಮಚದಲ್ಲಿ ಉಪ್ಪು ಇತ್ತಾ, ಇಲ್ವಾ?"

ಅವನು ಗೋಡೆ ನೋಡಿದ, ಅಕ್ಕನನ್ನು ನೋಡಿದ. ಅಕ್ಕ ತಲೆ ತಗ್ಗಿಸಿದ್ದಳು.

"ಇತ್ತು," ಎಂದ. "ಜಾಸ್ತೀನೇ ಇತ್ತು."

"ಮತ್ಯಾಕೆ ಸಪ್ಪೆ ಅಂದ್ರಿ?"

"ನಮ್ಮಲ್ಲಿ... ಹಾಗೇ ತಾನೆ ಅನ್ನೋದು."

ಓದುವವರೇ, ಇದಕ್ಕಿಂತ ದೊಡ್ಡ ಕಾರಣ ಆ ಸಾವಿಗೆ ಇರಲಿಲ್ಲ. ದ್ವೇಷ ಇರಲಿಲ್ಲ, ಮೋಸ ಇರಲಿಲ್ಲ. ಹೆಂಗಸು ಉಬ್ಬಬಾರದು ಎಂದು ನಾಲ್ಕು ತಲೆಮಾರು ಆಡಿದ ಒಂದು ಸುಳ್ಳನ್ನು ಮಗುವೊಂದು ನಂಬಿತು, ಅಷ್ಟೇ. ನಿಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ ಎನ್ನುತ್ತೀರಾ? ಮಾಡಿದವಳಿಗೆ ಚೆನ್ನಾಗಿದೆ ಎಂದು ಕೊನೆಯ ಬಾರಿ ಯಾವಾಗ ಹೇಳಿದಿರಿ, ನೆನಪು ಮಾಡಿಕೊಂಡು ಆಮೇಲೆ ನನ್ನೊಡನೆ ಜಗಳಕ್ಕೆ ಬನ್ನಿ.

ಆಕೆ ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ಹದಿನಾಲ್ಕು ವರ್ಷ ಕೇಳಿಸಿಕೊಂಡೆ. ಇನ್ನು ಆಗಲ್ಲ. ಇವತ್ತಿಂದ ಸುಳ್ಳು ಕೊಂಕು ತೆಗೆದೋರಿಗೆ ನನ್ನ ಕೈಯ ಅನ್ನ ಇಲ್ಲ. ಗಂಡನಾದ್ರೂ ಸರಿ. ಒಲೆ ಅಲ್ಲಿದೆ, ಬೆಂಕಿಪೊಟ್ಟಣ ಅದರ ಪಕ್ಕದಲ್ಲಿದೆ. ಪುಟ್ಟಿ ನಾಳೆಯಿಂದ ಶಾಲೆಗೆ ಹೋಗ್ತಾಳೆ."

"ಎಷ್ಟು ಸೊಕ್ಕು!" ಎಂದಳು ಅಕ್ಕ, ಆದರೆ ಯಾರೂ ಅವಳಿಗೆ ದನಿಗೂಡಿಸಲಿಲ್ಲ. ಸಾಲಿನಲ್ಲಿದ್ದ ಒಬ್ಬ ಮುದುಕಿ, ಹಿರಿಯರ ತಂಗಿ, ಕಣ್ಣೊರೆಸಿಕೊಳ್ಳುತ್ತಿದ್ದಳು.

ಪುಟ್ಟಿ ಅಪ್ಪನ ಹತ್ತಿರ ಹೋದಳು. ಅವನ ತೋಳು ಮುಟ್ಟಲಿಲ್ಲ, ಸ್ವಲ್ಪ ದೂರದಲ್ಲೇ ನಿಂತು ಕೇಳಿದಳು.

"ಅಪ್ಪ, ಹಾಗಾದ್ರೆ ಮೊದಲ್ನೇ ದಿನ ನಾನು ಮಾಡಿದ ಗಂಜಿ?"

ಅದಕ್ಕೆ ಹೇಳಬೇಕಾದ ಮಾತನ್ನು ಅವನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಕೇಳಿರಲಿಲ್ಲ, ಹೇಳಿರಲಿಲ್ಲ. ಕೊನೆಗೆ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಹೇಳಿದ.

"ಚೆನ್ನಾಗಿತ್ತು ಮಗಳೇ. ತುಂಬಾ ಚೆನ್ನಾಗಿತ್ತು."

ಹುಡುಗಿ ಆಗ ಅತ್ತಳು. ಅಷ್ಟು ದಿನದ್ದನ್ನೆಲ್ಲ ಒಟ್ಟಿಗೆ ಅತ್ತಳು. ತಾಯಿ ಹೊಟ್ಟೆಯ ಹೊಲಿಗೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ನೋವಿನಲ್ಲೇ ಕೆಳಗೆ ಕೂತು, ಅವಳನ್ನು ಎಳೆದು ತೊಡೆಗೆ ಹಾಕಿಕೊಂಡಳು.

"ಕೇಳಿಸ್ತಾ ಪುಟ್ಟಿ?" ಎಂದಳು. "ನಿನ್ನ ನಾಲಿಗೆ ಸರಿಯಾಗೇ ಇದೆ. ಯಾರು ಎಷ್ಟೇ ದೊಡ್ಡವರಾಗಿರ್ಲಿ, ಇನ್ಮೇಲೆ ನೀನು ಅದನ್ನೇ ನಂಬು."