ಮ್ಯೂಸಿಯಂನವರ ಕೂಸು

ನಿಡೋಣಿಯ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ನಮ್ಮ ಮನೆಯ ತೊಟ್ಟಿಲು ಅಲ್ಲಿಗೆ ಹೋಗುತ್ತಿತ್ತು. ಕೂಸು ನಡೆದಾಡತೊಡಗಿದ ಮೇಲೆ ತಿರುಗಿ ಬರುತ್ತಿತ್ತು. ಊರಿನ ಮ್ಯೂಸಿಯಂನವರು ಕೇಳಿದಾಗಲೂ ನಮ್ಮತ್ತೆ ಗುರುಬಾಯಿ ಅದೇ ಲೆಕ್ಕದಲ್ಲಿ ಸರಪಳಿ, ಕೌದಿ, ಗುಂಡಕಲ್ಲಿನ ಸಮೇತ ಕೊಟ್ಟುಬಿಟ್ಟರು.

ನನ್ನ ಮಗಳು ನೀಲಾಳ ಕೂಸಿಗೆ ಹೆಸರಿಡುವ ದಿನ ಬಂತು. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಲಲಿತಾ ತಿಕೋಟಾದಿಂದ ಬಂದು ಕೂತಿದ್ದಳು. ಆ ತೊಟ್ಟಿಲು ಬರದೆ ಹೆಸರಿಡಕೂಡದೆಂದು ಅತ್ತೆ ಹಟ ಹಿಡಿದರು. ತರಲು ಹೋದರೆ, ಯಾವ ವಸ್ತುವೂ ಮ್ಯೂಸಿಯಂನಿಂದ ಹೊರಗೆ ಹೋಗುವಂತಿಲ್ಲ ಎಂದು ಅದನ್ನು ಕಾಯುವ ಮೌಲಾಸಾಬ ಕೈಮುಗಿದ.

"ಅವರ ಕೂಸು ಇನ್ನೂ ನಡಿಯೂದಿಲ್ಲೇನ?" ಅತ್ತೆ ಕೇಳಿದರು. "ಎರಡ ವರ್ಷ ಆತಲ್ಲ."

"ಅವರಿಗೆ ಕೂಸ ಇಲ್ಲಬೇ."

"ಹಂಗಾದ್ರ ತೊಟ್ಟಿಲ ಯಾಕ ಬೇಕಿತ್ತು?"

ಮೌಲಾಸಾಬನೂ ಅದೇ ತೊಟ್ಟಿಲಲ್ಲಿ ಮಲಗಿ ಬೆಳೆದವನು. ಕಡೆಗೆ ಕೂಸನ್ನೇ ಇಲ್ಲಿಗೆ ತನ್ನಿ ಎಂದ.

ತಂದೆವು. ಆದರೆ ಮ್ಯೂಸಿಯಂ ಇರುವುದು ನಾಲ್ಕು ಹಳೆಯ ಕಟ್ಟಡಗಳಲ್ಲಿ. ಯಾರೋ ಓದಿದವರು ಬಂದು ಕಟ್ಟಿಗೆಯವನ್ನು ವಾಡೆಗೆ, ಕಬ್ಬಿಣ ಹಿತ್ತಾಳೆಯನ್ನು ಚಾವಡಿಗೆ, ಬಟ್ಟೆಯನ್ನು ಮಕ್ಕಳು ಓದುತ್ತಿದ್ದ ಹಳೆಯ ಸಾಲಿಗೆ, ಕಲ್ಲನ್ನು ಊರಬಾಗಿಲಾದ ಅಗಸಿಯ ಕೋಣೆಗೆ ಸೇರಿಸಿದ್ದರು. ತೊಟ್ಟಿಲೇನೋ ವಾಡೆಯಲ್ಲಿತ್ತು. ಅದನ್ನು ತೂಗುಹಾಕುವ ಸರಪಳಿ ಚಾವಡಿಯಲ್ಲಿ, ಹಾಸಿ ಹೊದಿಸುವ ಕೌದಿ ಸಾಲಿಯಲ್ಲಿ. ಕೂಸಿಗಿಂತ ಮೊದಲು ಮಲಗಿಸಬೇಕಾದ ಗುಂಡಕಲ್ಲು ಅಗಸಿಯಲ್ಲಿ.

ನೀಲಾಳ ಕಣ್ಣು ತುಂಬಿತು. ಮೌಲಾಸಾಬ ಓಣಿಯ ಆ ತುದಿ ಈ ತುದಿ ನೋಡಿದ.

"ನಾಕೂ ಕೂಡಿ ಒಂದ ಮ್ಯೂಸಿಯಂ ಅಂದ ಮ್ಯಾಲ, ನಡುವಿನ ಓಣಿನೂ ಒಳಗ ಬಂತಲ್ರಿ."

ಸರಪಳಿಯನ್ನು ಅವನೇ ಹೆಗಲಿಗೆ ಹಾಕಿಕೊಂಡ. ಕೌದಿ ಲಲಿತಾಳ ತಲೆಯ ಮೇಲೆ, ಗುಂಡಕಲ್ಲು ನನ್ನ ಸೊಂಟದ ಮೇಲೆ. ಕೈ ಸುಮ್ಮನಿರದೆ ದಾರಿಯುದ್ದಕ್ಕೂ ಅದನ್ನು ತಟ್ಟುತ್ತಾ ಬಂದೆ. ವಿಜಯಪುರದಿಂದ ನೋಡಲು ಬಂದಿದ್ದ ಕಾಲೇಜು ಹುಡುಗಿಯರು ಇದೂ ಮ್ಯೂಸಿಯಂನ ಕಾರ್ಯಕ್ರಮವೆಂದು ಹಿಂದೆಯೇ ಬಂದರು.

ಕಲ್ಲನ್ನು ಮಲಗಿಸಿ ತೂಗಿ, ತೆಗೆದು, ಆಮೇಲೆ ಕೂಸನ್ನು ಹಾಕಿದೆವು. ಲಲಿತಾ ಕಿವಿಯಲ್ಲಿ ಕುರ್ರ್ ಎಂದು "ಸಂಗನಬಸವ" ಎಂದಳು. ಪದ್ಧತಿಯಂತೆ ನಾವೆಲ್ಲ ಅವಳ ಬೆನ್ನಿಗೆ ಗುದ್ದಿದೆವು. ಟಿಕೆಟ್ ತೆಗೆಸಿದ್ದ ಹುಡುಗಿಯರೂ ಬಿಡಲಿಲ್ಲ.

ಹೊರಡುವಾಗ ಮೌಲಾಸಾಬ ಗುಂಡಕಲ್ಲನ್ನು ತಿರುಗಿ ತೊಟ್ಟಿಲಲ್ಲಿಟ್ಟು ಕೌದಿ ಹೊದಿಸಿದ. ಮೇಲಿನವರು ಬಂದು ಕೇಳಿದರೆ ಏನು ಹೇಳುತ್ತೀ ಎಂದೆ.

"'ಇದ ನಿಮ್ಮ ಕೂಸ' ಅಂತ ಅವರಿಗೇ ಹೇಳ್ತೀನ್ರಿ ಅಕ್ಕಾ. ಇನ್ನೂ ನಡಿಯೂದಿಲ್ಲ."

ಅತ್ತೆ ಬಗ್ಗಿ ಕೌದಿಯ ಅಂಚು ಸರಿಮಾಡಿದರು.

"ಹಂಗಾದ್ರ ತೊಟ್ಟಿಲ ಇರ್ಲಿ ಬಿಡು," ಎಂದರು.