ಭಾವನ ರೈಫಲ್‌ಗೆ ಬೆಲೆ

ಹನ್ನೊಂದು ವರ್ಷಗಳ ಮೇಲೆ ಅಕ್ಕ ನನ್ನ ಕೆಲಸದ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಹಳೆಯ ಕಂಬಳಿ ಸುತ್ತಿದ ಉದ್ದನೆಯ ಗಂಟಿತ್ತು. ನಾನು ಬೆಳಗಿನ ಪ್ರಾರ್ಥನೆ ಮುಗಿಸಿ ಆಗತಾನೆ ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಕನ್ನಡಕವಿಲ್ಲದೆಯೂ ಗುರುತು ಹತ್ತಿತು.

"ಏನೋ, ಒಳಗೆ ಕರೀತೀಯೋ, ಇಲ್ಲೇ ನಿಲ್ಲಿಸ್ತೀಯೋ? ನಿನ್ನ ಸಿಟ್ಟು ನನ್ನ ಮಂಡಿಗೆ ಗೊತ್ತಿಲ್ಲ ಕಣೋ, ಅದು ಅದರ ಪಾಡಿಗೆ ನೋಯುತ್ತೆ."

"ಬಾ, ಕೂತ್ಕೋ" ಅಂದೆ.

ಭಾವ ತೀರಿಕೊಂಡು ಆರು ವಾರವಾಗಿತ್ತು. ಅಂದು ನಾನು ಅವರ ಬೀದಿಯ ತಿರುವಿನವರೆಗೆ ಹೋಗಿ, ಬಾಗಿಲಲ್ಲಿ ಸೇರಿದ್ದ ಜನರನ್ನು ಕಂಡು ಹಿಂದಿರುಗಿದ್ದೆ. ಅಕ್ಕನಿಗೆ ಅದು ತಿಳಿದಿತ್ತೋ ಇಲ್ಲವೋ, ಅವಳು ಆ ಮಾತೆತ್ತಲಿಲ್ಲ.

"ಇದನ್ನ ಮಾರ್ತಿದೀನಿ. ಹಳೇ ಕೋವಿ ಕೂಡಿಡೋ ಒಬ್ಬ ಮಹಾರಾಯ ಗಂಟುಬಿದ್ದಿದಾನೆ. ಅವನು ಹೇಳೋ ಬೆಲೆಗೆ ಒಂದು ಹಳೇ ಸ್ಕೂಟರ್ ಕೂಡ ಬರಲ್ಲ. ನ್ಯಾಯವಾದ ಬೆಲೆ ಎಷ್ಟು ಅಂತ ನೋಡಿ, ಒಂದು ಕಾಗದದಲ್ಲಿ ಬರೆದುಕೊಡು. ನಿನ್ನ ಹತ್ರ ಬೇರೇನೂ ಕೇಳೋಕೆ ಬಂದಿಲ್ಲ."

"ಊರಲ್ಲಿ ಬೇರೆ ರಿಪೇರಿಯವರು ಇದ್ದಾರಲ್ಲ?"

"ಇದ್ದಾರೆ. ಅವರು ಸುಳ್ಳು ಹೇಳ್ತಾರೆ. ನೀನು ಮಾತು ಬಿಡ್ತೀಯ, ಸುಳ್ಳು ಹೇಳಲ್ಲ."

ನಲವತ್ತು ವರ್ಷ ನಾನು ಕೋವಿ ರಿಪೇರಿ ಮಾಡಿದವನು. ಕಂಬಳಿ ಬಿಡಿಸುವ ಮೊದಲೇ ಅದು ಯಾವ ರೈಫಲ್ಲೆಂದು ನನಗೆ ಗೊತ್ತಿತ್ತು. ಬೇಟೆ ಬಿಟ್ಟ ಒಬ್ಬ ಮುದುಕರಿಂದ ನಾನೂ ಭಾವನೂ ಒಂದೇ ದಿನ ಎರಡು ರೈಫಲ್ ಕೊಂಡಿದ್ದೆವು. ಒಂದೇ ಕಾರ್ಖಾನೆಯವು, ಒಂದೇ ವರ್ಷದವು. ಒಂದನ್ನು ಭಾವ ಇಟ್ಟುಕೊಂಡರು. ಇನ್ನೊಂದನ್ನು ನಾನು ನನ್ನ ಮಗನ ಕೈಗೆ ಕೊಟ್ಟೆ.

ಆ ರೈಫಲ್ಲೇ ಅವನನ್ನು ಕೊಂದಿತು. ಭಾವನ ಜೊತೆ ಬೇಟೆಗೆ ಹೋದವನು ಮೊದಲ ಗುಂಡು ಹಾರಿಸಿದಾಗ ತೋಟಾದ ಹಿತ್ತಾಳೆ ಕವಚ ಹರಿದು, ಬಿಸಿ ಗಾಳಿಯೂ ಲೋಹದ ಚೂರುಗಳೂ ಹಿಂದಕ್ಕೆ ಅವನ ಮುಖಕ್ಕೆ ಚಿಮ್ಮಿದವು. ಇಪ್ಪತ್ತಾರು ವರ್ಷದವನು. ಆಸ್ಪತ್ರೆಯ ದಾರಿಯಲ್ಲೇ ಹೋದ. ಆ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿದವರು ಭಾವ. ಅವರು ಎಲ್ಲವನ್ನೂ ತೂಗಿ ನೋಡುವವರು. ಚಹಾದ ಸೊಪ್ಪನ್ನೂ ತೂಗಿ ಹಾಕುತ್ತಿದ್ದರೆಂದು ನಾವೆಲ್ಲ ಅವರನ್ನು ತಕ್ಕಡಿ ಭಾವ ಅನ್ನುತ್ತಿದ್ದೆವು. ತೋಟಾಗೆ ಮದ್ದು ಹೆಚ್ಚಾಗಿತ್ತೆಂದು ಪೊಲೀಸರು ಬರೆದುಕೊಂಡರು. ಮಗನನ್ನು ಮಣ್ಣು ಮಾಡಿದ ದಿನ, ಸೇರಿದ್ದವರೆಲ್ಲರ ಎದುರು, ನಾನು ಭಾವನಿಗೆ ಹೇಳಿದೆ: "ನಿಮ್ಮ ಕೈ ನನ್ನ ಮಗನನ್ನು ಕೊಂದಿತು." ಅವರು ತಲೆಯೆತ್ತಲಿಲ್ಲ. ಪಕ್ಕದಲ್ಲಿದ್ದ ಅವರ ಮಗಳು ಮಾತ್ರ ನನ್ನನ್ನು ನೋಡಿದಳು. ಮುಂದೆ ಅವಳ ಮದುವೆಗೂ ನಾನು ಹೋಗಲಿಲ್ಲ.

ಅಂದಿನಿಂದ ಪ್ರತಿದಿನ ದೇವರಲ್ಲಿ ಒಂದೇ ಬೇಡಿಕೆ: ಆ ಮನುಷ್ಯನನ್ನು ಕ್ಷಮಿಸುವ ಮನಸ್ಸು ಕೊಡು. ಅದು ಬಂದಿರಲಿಲ್ಲ.

ರೈಫಲ್ಲನ್ನು ಬೆಳಕಿಗೆ ಹಿಡಿದೆ. ಭಾವ ಅದನ್ನು ಮತ್ತೆ ಮುಟ್ಟಿರಲಿಲ್ಲ; ಹಳೆಯ ಎಣ್ಣೆ ಜೇನಿನಂತೆ ಗಟ್ಟಿಯಾಗಿತ್ತು. ಮರದಲ್ಲಿ ಒಂದೂ ಬಿರುಕಿಲ್ಲ. ನಳಿಕೆಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಗುಂಡನ್ನು ತಿರುಗಿಸುವ ತಿರುಪಿನ ಗೆರೆಗಳು ಹೊಸದರಂತೆ ಚೂಪಾಗಿದ್ದವು.

"ಆ ಮಹಾರಾಯ ಹೇಳಿದ್ದಕ್ಕಿಂತ ಮೂರರಷ್ಟು ಬಾಳುತ್ತೆ. ನಂಬರ್ ಒಂದು ನೋಡಿಬಿಡ್ತೀನಿ" ಅಂದೆ.

ಹಳೆಯ ರೈಫಲ್ಲುಗಳ ಬೆಲೆ ನಿಲ್ಲುವುದೇ ಅಲ್ಲಿ. ನಳಿಕೆಯ ಬುಡದಲ್ಲಿ ಒಂದು ನಂಬರು ಕೊರೆದಿರುತ್ತದೆ. ತೋಟಾವನ್ನು ಹಿಂದಿನಿಂದ ಒತ್ತಿ ಬೀಗದಂತೆ ಮುಚ್ಚುವ ಉಕ್ಕಿನ ಬೋಲ್ಟಿನ ಮೇಲೂ ಅದೇ ನಂಬರು ಇರಬೇಕು. ಕಾರ್ಖಾನೆಯವರು ಆ ಎರಡನ್ನೂ ಒಂದಕ್ಕೊಂದು ಉಜ್ಜಿ ಕೂರಿಸಿರುತ್ತಾರೆ. ಜೋಡಿ ತಪ್ಪಿದ್ದರೆ ಬೆಲೆ ಅರ್ಧ.

ನಳಿಕೆಯ ಮೇಲೆ 7062 ಇತ್ತು. ಬೋಲ್ಟ್ ಹೊರಗೆಳೆದು, ಬಟ್ಟೆಯಿಂದ ಒರೆಸಿ, ಭೂತಗನ್ನಡಿ ಹಿಡಿದೆ.

7039.

ಮತ್ತೆ ಒರೆಸಿದೆ. ಕಿಟಕಿಯ ಹತ್ತಿರ ಹೋಗಿ ನೋಡಿದೆ. ಕಣ್ಣಿನ ದೋಷವಿರಲಿ ದೇವರೇ ಎಂದು ಕೇಳಿಕೊಂಡೆ. ಅದು ಮಗನ ರೈಫಲ್ಲಿನ ನಂಬರು. ಅವನು ಸತ್ತ ವಾರ ನಾನು ಪೊಲೀಸರಿಗೆ ಲೈಸೆನ್ಸ್ ಪುಸ್ತಕ ಹಿಡಿದು ಮೂರು ಸಲ ಓದಿ ಹೇಳಿದ ನಂಬರು.

"ಯಾಕೋ, ಮುಖ ಹೀಗಾಯ್ತು? ನೀರು ಬೇಕಾ?"

ಡ್ರಾಯರಿನಿಂದ ಅಳತೆಯ ಉಕ್ಕಿನ ತುಂಡು ತೆಗೆದೆ. ಅದು ಸರಿಯಾದ ತೋಟಾದಷ್ಟೇ ಉದ್ದ. ಒಳಗಿಟ್ಟು ಬೋಲ್ಟ್ ಮುಚ್ಚಲು ನೋಡಿದೆ. ಮುಚ್ಚಲಿಲ್ಲ. ಕೂದಲೆಳೆಯಷ್ಟು ಜಾಗ ಸಾಲದು. ಇಲ್ಲಿ ಇಷ್ಟು ಬಿಗಿಯಾದರೆ, ಅಲ್ಲಿ, ಇದರ ಬೋಲ್ಟ್ ಕೂತಿದ್ದ ಮಗನ ರೈಫಲ್ಲಿನಲ್ಲಿ, ಅಷ್ಟೇ ಸಡಿಲ. ಸಡಿಲವಿದ್ದ ಕಡೆ ತೋಟಾ ಹಿಂದಕ್ಕೆ ಸರಿದು ಹರಿಯುತ್ತದೆ. ಮದ್ದು ಎಷ್ಟೇ ಸರಿಯಾಗಿ ತೂಗಿದ್ದರೂ ಹರಿಯುತ್ತದೆ.

"ಅಕ್ಕ, ಅವತ್ತು ಬೆಳಿಗ್ಗೆ ಭಾವ ಈ ರೈಫಲ್ ಬಗ್ಗೆ ಏನಾದ್ರೂ ಹೇಳಿದ್ರಾ?"

ಅವಳು ಕಂಬಳಿಯ ಅಂಚು ಮಡಿಚಿಟ್ಟಳು. "ಅದನ್ನ ಯಾರಿಗೂ ಹೇಳಬೇಡ ಅಂದಿದ್ರು. ಈಗ ಹೇಳಿದ್ರೇನು. ತೋಟಾ ಇದರಲ್ಲಿ ಕೂರಲೇ ಇಲ್ವಂತೆ, ಬೋಲ್ಟ್ ಮುಚ್ಚಲೇ ಇಲ್ವಂತೆ. ಹುಡುಗನದರಲ್ಲಿ ಸಲೀಸಾಗಿ ಕೂತಿತಂತೆ. ಸರಿ, ನೀನೇ ಹೊಡಿ ಅಂದ್ರಂತೆ. ಆಮೇಲೆ ದಿನಾ ಅದೇ ಜಪ. ನಾನು ತುಂಬಿದ ತೋಟಾದಲ್ಲೇ ತಪ್ಪಿತ್ತು, ನನ್ನ ರೈಫಲ್ಲೇ ಬೇಡ ಅಂತು, ಗೊತ್ತಿದ್ದೂ ಮಗೂಗೆ ಕೊಟ್ಟೆ ಅಂತ. ಕೊನೇ ದಿನ ಕೂಡ, ಮಾತು ನಿಲ್ಲೋವರೆಗೂ, ಅದೇ."

ನಾನು ಬೆಂಚಿನ ಅಂಚು ಹಿಡಿದುಕೊಂಡೆ.

ಎಲ್ಲವೂ ಕಣ್ಣೆದುರು ಬಂತು. ಬೇಟೆಯ ಹಿಂದಿನ ದಿನ ಎರಡೂ ರೈಫಲ್ಲುಗಳು ಸ್ವಚ್ಛ ಮಾಡಲೆಂದು ಇದೇ ಬೆಂಚಿನ ಮೇಲಿದ್ದವು. ಒಂದರ ಬೋಲ್ಟ್ ಬಿಚ್ಚಿದರೆ ಅದನ್ನು ಮತ್ತೆ ಕೂರಿಸುವವರೆಗೆ ಇನ್ನೊಂದನ್ನು ಮುಟ್ಟಬಾರದು. ಅದು ನನ್ನ ನಿಯಮ, ಕೆಲಸ ಕಲಿಯಲು ಬಂದವರಿಗೆಲ್ಲ ನಾನೇ ಹೇಳಿಕೊಟ್ಟದ್ದು. ಅಂದು ಮನೆಯವರ ಕೆಲಸವೆಂದು ಸಲಿಗೆ ತೆಗೆದುಕೊಂಡೆ. ಎರಡೂ ಬೋಲ್ಟುಗಳನ್ನು ಸೀಮೆಎಣ್ಣೆಯ ಒಂದೇ ತಟ್ಟೆಯಲ್ಲಿ ನೆನೆಹಾಕಿದೆ. ಸಂಜೆಯ ಪ್ರಾರ್ಥನೆಗೆ ಹೊತ್ತಾಯಿತೆಂದು ಎದ್ದು ಹೋದೆ. ಬಂದವನು ಒರೆಸಿ, ಒಂದನ್ನು ಇದಕ್ಕೆ, ಒಂದನ್ನು ಅದಕ್ಕೆ ತೂರಿಸಿದೆ. ನಂಬರು ನೋಡಲಿಲ್ಲ. ಮಗ ಸತ್ತ ಮೇಲೆ ಪೊಲೀಸರು ಆ ರೈಫಲ್ಲನ್ನು ನನಗೆ ತೋರಿಸಲು ಬಂದರು. ಕಣ್ಣಿಗೆ ಬೀಳುವುದು ಬೇಡ, ಕರಗಿಸಿಬಿಡಿ ಎಂದೆ. ನೋಡಿದ್ದರೆ ಅಂದೇ ತಿಳಿಯುತ್ತಿತ್ತು.

"ಹೇಳೋ, ಏನಾಯ್ತು? ಬೆಲೆ ಬಾಳಲ್ವಾ?"

ಇದನ್ನು ಮುಚ್ಚಿಡದೆ ಬರೆಯುತ್ತೇನೆ. ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದದ್ದು ಬೇರೆ ಮಾತು. "ಜೋಡಿ ತಪ್ಪಿದೆ ಅಕ್ಕ, ಅರ್ಧ ಬೆಲೆಗೆ ಕೊಟ್ಟುಬಿಡು." ಹಾಗೆಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಎಷ್ಟೋ ಹಳೆಯ ರೈಫಲ್ಲುಗಳಲ್ಲಿ ಜೋಡಿ ತಪ್ಪಿರುತ್ತದೆ. ಅವಳು ಕಂಬಳಿ ಸುತ್ತಿಕೊಂಡು ಹೋಗುತ್ತಿದ್ದಳು. ಭಾವ ಕೊಲೆಗಾರರಾಗಿಯೇ ಮಣ್ಣಿನಲ್ಲಿ ಉಳಿಯುತ್ತಿದ್ದರು.

ಬಾಯಿ ತೆರೆದೆ. "ಜೋಡಿ ತಪ್ಪಿದೆ" ಅಂದೆ. ಅರ್ಧ ಬೆಲೆಯ ಮಾತು ಆಡಲಿಲ್ಲ. ನೀರು ಕುಡಿದೆ. ಆಮೇಲೆ ಎರಡು ನಂಬರುಗಳನ್ನೂ ತೋರಿಸಿ, ತಟ್ಟೆಯನ್ನೂ ಸೀಮೆಎಣ್ಣೆಯನ್ನೂ ಬಿಡದೆ, ಅಳತೆಯ ತುಂಡನ್ನು ಮತ್ತೊಮ್ಮೆ ಒಳಗಿಟ್ಟು, ಎಲ್ಲವನ್ನೂ ಹೇಳಿದೆ.

ಅಕ್ಕ ಅಳಲಿಲ್ಲ. ಬೋಲ್ಟನ್ನು ಕೈಗೆ ತೆಗೆದುಕೊಂಡು, ಆ ನಾಲ್ಕು ಅಂಕಿಗಳ ಮೇಲೆ ಹೆಬ್ಬೆರಳು ಆಡಿಸುತ್ತ ಕುಳಿತಳು.

"ಅವರದು ಸರಿಯಾಗಿತ್ತು" ಅಂದಳು ಕೊನೆಗೆ. "ತೂಕ ಸರಿಯಾಗಿತ್ತು."

"ಸರಿಯಾಗಿತ್ತು ಅಕ್ಕ."

"ಆರು ವಾರ ಕಣೋ. ಆರು ವಾರದ ಮುಂಚೆ ನಾನು ಇದನ್ನ ಮಾರೋಕೆ ಹೊರಟಿದ್ರೆ..." ನಾನು ಅವಳ ಕಾಲ ಬಳಿ ಕೂರಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಅದೆಲ್ಲ ಬೇಡ. ಏಳು. ನೀನು ಕೆಳಗೆ ಕೂತ್ರೆ ಆಮೇಲೆ ಎಬ್ಬಿಸೋದು ನನ್ನ ಕೈಲಾಗಲ್ಲ. ಕಾಗದ ತಗೋ."

"ಬೆಲೆ..."

"ಬೆಲೆ ಹಾಳಾಗಿ ಹೋಗಲಿ. ಯಾರು ಯಾವಾಗ ಏನು ಮಾಡಿದ್ರು ಅಂತ ಬರಿ. ಕೆಳಗೆ ನಿನ್ನ ಹೆಸರು ಹಾಕು."

ನಾನು ಬರೆದೆ. ಬೆಲೆಯ ಕಾಗದ ಬರೆಯುವಂತೆಯೇ ಶುರುಮಾಡಿದೆ, ನಳಿಕೆ, ಮರ, ನಂಬರು ಎಂದು. ಬೇರೆ ರೀತಿ ನನಗೆ ಬರುವುದಿಲ್ಲ. ಆಮೇಲೆ ತಟ್ಟೆಯ ವಿಷಯ ಬರೆದೆ. ಸಹಿ ಹಾಕಿ ಕೊಟ್ಟೆ.

ಅವಳು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ತುಟಿಯಾಡಿಸುತ್ತ ಓದಿದಳು. ಮಡಿಚಿ ಸೆರಗಿಗೆ ಸಿಕ್ಕಿಸಿಕೊಳ್ಳುವಳೆಂದುಕೊಂಡೆ. ಮಡಿಚಲಿಲ್ಲ. ಕಾಗದವನ್ನು ನನ್ನ ಮುಂದಿಟ್ಟು, ಚೀಲದಿಂದ ಫೋನ್ ತೆಗೆದು ಬಟನ್ ಒತ್ತಿ, ನನ್ನ ಕೈಗೆ ಕೊಟ್ಟಳು.

"ಮಗಳಿಗೆ ಫೋನ್ ಮಾಡಿದೀನಿ. ಅವಳಪ್ಪನ ಬಗ್ಗೆ ನೀನು ಆಡಿದ ಮಾತು ಕೇಳಿಸ್ಕೊಂಡೇ ಅವಳು ದೊಡ್ಡವಳಾಗಿದ್ದು. ಇದನ್ನೂ ನಿನ್ನ ಬಾಯಿಂದಲೇ ಕೇಳಲಿ."

ಫೋನ್ ಕಿವಿಗಿಟ್ಟುಕೊಂಡೆ. ಮೂರು ಸಲ ರಿಂಗಾಯಿತು.

"ಹೇಳಮ್ಮ, ಎಷ್ಟಂತೆ?" ಅಂದಳು ಅಕ್ಕನ ಮಗಳು. ನಾನು ಉಸಿರೆಳೆದುಕೊಂಡದ್ದು ಕೇಳಿಸಿರಬೇಕು. "ಅಮ್ಮಾ? ಯಾರು ಮಾತಾಡ್ತಿರೋದು?"

"ನಾನಮ್ಮ, ನಿನ್ನ ಮಾವ" ಅಂದೆ.

ಅವಳು ಫೋನ್ ಇಡಲಿಲ್ಲ. ನಾನು ಕಾಗದ ಎತ್ತಿಕೊಂಡು ಮೊದಲ ಸಾಲಿನಿಂದ ಓದತೊಡಗಿದೆ.